ಗಂಟುರೋಗ ಇದೆ ಎಂದವಳು

ಶಿಡ್ಲಘಟ್ಟದ ರೇಷ್ಮೆಯವರಲ್ಲಿ ತನುಜಳನ್ನು ಕಂಡರೆ ಆಗುತ್ತಿದ್ದವರು ಯಾರೂ ಇರಲಿಲ್ಲ. ಅವಳೂ ಯಾರನ್ನೂ ಒಲಿಸಿಕೊಳ್ಳಲು ಹೋದವಳಲ್ಲ. ಮಾತು ಕಡಿಮೆ, ಆಡಿದರೆ ಒರಟು. ಅವಳ ಕೆಲಸವೂ ಅಂಥದೇ. ಬಿತ್ತನೆ ಕೋಠಿಯಲ್ಲಿ, ಎಂದರೆ ರೇಷ್ಮೆ ಹುಳುವಿನ ಮೊಟ್ಟೆ ತಯಾರಿಸಿ ರೈತರಿಗೆ ಮಾರುವ ಕಡೆ, ಮೊಟ್ಟೆಯಿಟ್ಟ ತಾಯಿಚಿಟ್ಟೆಗಳನ್ನು ಅರೆದು, ಆ ರಸವನ್ನು ಗಾಜಿನ ಮೇಲೆ ಸವರಿ, ಮೈಕ್ರೋಸ್ಕೋಪಿನಲ್ಲಿ ನೋಡಿ, ಗಂಟುರೋಗ ಇದೆಯೋ ಇಲ್ಲವೋ ಹೇಳುವುದು.

ಗಂಟುರೋಗ ಕಣ್ಣಿಗೆ ಕಾಣದ ಒಂದು ಪರಾವಲಂಬಿ. ಹುಳುವಿನ ಹೊಟ್ಟೆಯಲ್ಲಿ ಹುಟ್ಟಿ, ಚಿಟ್ಟೆಯ ಮೈಯಲ್ಲಿ ಉಳಿದು, ಮೊಟ್ಟೆಯೊಳಗೇ ಕೂತು ಮುಂದಿನ ಪೀಳಿಗೆಗೆ ಹೋಗುತ್ತದೆ. ಮೊಟ್ಟೆ ನೋಡಿದರೆ ಏನೂ ತಿಳಿಯದು. ಒಂದು ತಾಯಿಚಿಟ್ಟೆ ತಪ್ಪಿಸಿಕೊಂಡರೂ ಅದರ ಮಕ್ಕಳು ಇಡೀ ಹುಳುಮನೆಯನ್ನು ಕೆಡಿಸುತ್ತವೆ. ಔಷಧಿಯಿಲ್ಲ. ಸುಡುವುದೊಂದೇ ದಾರಿ. ಆದ್ದರಿಂದ ತನುಜ ‘ಇದೆ’ ಎಂದ ದಿನ ಕೋಠಿಯಲ್ಲಿ ಎಲ್ಲರ ಶ್ರಮ ಒಲೆಗೆ ಹೋಗುತ್ತಿತ್ತು. ಗೂಡು ಬಿಡಿಸಿದವರು, ಗಂಡು ಹೆಣ್ಣು ಚಿಟ್ಟೆ ಜೋಡಿ ಮಾಡಿದವರು, ಹಾಳೆಗಳ ಮೇಲೆ ಮೊಟ್ಟೆ ಇಡಿಸಿದವರು, ಎಲ್ಲ ಸೇರಿ ಅವಳ ಕಡೆ ನೋಡುವ ನೋಟವೇ ಬೇರೆಯಾಗುತ್ತಿತ್ತು.

ಅವಳ ಅಮ್ಮ ಮುನಿಶಾಮಮ್ಮ ರೇಷ್ಮೆ ಬಿಚ್ಚುವ ಫಿಲೇಚರಿನಲ್ಲಿ ಇಪ್ಪತ್ತೆರಡು ವರ್ಷ ಕುದಿಯುವ ನೀರಿನಲ್ಲಿ ಕೈಯಾಡಿಸಿದವಳು. ಬೆರಳ ತುದಿಯಲ್ಲಿ ಗೆರೆಗಳೇ ಉಳಿದಿರಲಿಲ್ಲ. ರೇಷನ್ ಕಾರ್ಡಿಗೆ ಹೆಬ್ಬೆಟ್ಟು ಒತ್ತಿದರೆ ಬರೀ ಶಾಯಿಯ ಮುದ್ದೆ ಮೂಡುತ್ತಿತ್ತು. ಅಪ್ಪ ತೀರಿಕೊಳ್ಳುವ ಮೊದಲು ಮನೆಯ ಗೋಡೆಗೆ ಒಂದು ಬುದ್ಧನ ಪಟ ಹಾಕಿ, ಮಗಳನ್ನು ಚಿಂತಾಮಣಿಯ ಕಾಲೇಜಿಗೆ ಸೇರಿಸಿದ್ದ. ತನುಜ ಪ್ರಾಣಿಶಾಸ್ತ್ರ ಓದಿ ಬಿಎಸ್ಸಿ ಮುಗಿಸಿದಳು. ಊರಿನ ಕಾಲೋನಿಯಿಂದ ಡಿಗ್ರಿ ಮಾಡಿದ ಮೊದಲ ಹೆಣ್ಣು. ತೊಂಬತ್ತೊಂಬತ್ತರಲ್ಲಿ ರಮೇಶ್‌ಬಾಬು ತನ್ನ ಖಾಸಗಿ ಕೋಠಿಗೆ ಅವಳನ್ನು ಸೇರಿಸಿಕೊಂಡ. ಲೈಸೆನ್ಸಿಗೆ ಓದಿದವರೊಬ್ಬರು ಬೇಕಿತ್ತು, ಇವಳು ಕಡಿಮೆ ಸಂಬಳಕ್ಕೆ ಸಿಕ್ಕಳು.

ಅವಳ ಕೋಣೆ ಹಿಂದುಗಡೆ, ಫಾರ್ಮಲಿನ್ ಡಬ್ಬಗಳ ಪಕ್ಕ. ಚಿಟ್ಟೆಯ ರೆಕ್ಕೆಯ ಹುಡಿ ಎದೆಗೆ ಹೋಗಿ ಸದಾ ಕೆಮ್ಮು. ಚಹಾ ಬಂದಾಗ ಅವಳ ಲೋಟ ಬೇರೆ. ‘ಔಷಧಿ ಮುಟ್ಟೋ ಕೈ, ಅದಕ್ಕೆ’ ಎಂದು ಕಾರಣ ಹೇಳುತ್ತಿದ್ದರು. ಫಾರ್ಮಲಿನ್ ಹೊಡೆಯುವ ಇಬ್ಬರು ಗಂಡಸರ ಲೋಟ ಮಾತ್ರ ಎಲ್ಲರ ಜೊತೆಗೇ ಇರುತ್ತಿತ್ತು. ತನುಜ ಅದನ್ನು ಮೊದಲ ವಾರವೇ ಗಮನಿಸಿದಳು. ಮೈಕ್ರೋಸ್ಕೋಪಿಗೆ ಕಣ್ಣು ಹಚ್ಚಿಕೊಂಡೇ ಐದು ವರ್ಷ ಹೇಗೋ ಕಳೆದಳು.

ಎರಡು ಸಾವಿರದ ನಾಲ್ಕರ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಅವಳು ಆಫೀಸಿನ ಬಾಗಿಲಲ್ಲಿ ಬಂದು ನಿಂತಳು.

“ಸಾರ್, ಹನ್ನೊಂದನೇ ಲಾಟಲ್ಲಿ ಗಂಟಿದೆ.”

ರಮೇಶ್‌ಬಾಬು ಪೇಪರು ಮಡಿಸಲಿಲ್ಲ. “ಎಷ್ಟರಲ್ಲಿ?”

“ಮೂವತ್ತು ಗಾಜು ನೋಡ್ದೆ. ಆರರಲ್ಲಿ ಇದೆ.”

“ಇನ್ನೊಂದ್ಸಲ ನೋಡು.”

“ಎರಡು ಸಲ ನೋಡಾಯ್ತು.”

ಅವನು ಎದ್ದು ಅವಳ ಕೋಣೆಗೆ ಬಂದ. ಮೂಗಿಗೆ ಕರವಸ್ತ್ರ ಹಿಡಿದು ಮೈಕ್ರೋಸ್ಕೋಪಿನಲ್ಲಿ ಬಗ್ಗಿ ನೋಡಿ, “ಧೂಳಮ್ಮ ಇದು. ಗಾಜು ತೊಳ್ದಿಲ್ಲ ನೀನು” ಎಂದ.

“ಧೂಳು ಒಂದೊಂದು ಒಂದೊಂದು ಥರ ಇರ್ತದೆ ಸಾರ್. ಇವೆಲ್ಲ ಒಂದೇ ಅಚ್ಚಲ್ಲಿ ಹೊಯ್ದಂಗಿವೆ ನೋಡಿ. ಮೊಟ್ಟೆ ಆಕಾರ, ಹೊಳೀತವೆ, ನಿಂತಲ್ಲೇ ನಡುಗ್ತವೆ. ಇದು ಗಂಟೇ.”

“ನಾಡಿದ್ದು ಮಂಚೇನಹಳ್ಳಿ ಕಡೆಯೋರು ಬರ್ತಾರೆ. ಸೊಪ್ಪು ಬೆಳ್ಸಿ ಕಾಯ್ತಾ ಅವ್ರೆ. ಅವ್ರಿಗೇನು ಹೇಳ್ಲಿ?”

“ಸುಟ್ವಿ ಅಂತ ಹೇಳಿ.”

ರಮೇಶ್‌ಬಾಬು ಅವಳನ್ನು ಕಾಲಿನಿಂದ ತಲೆಯವರೆಗೆ ನೋಡಿದ. ಅವನ ತಂದೆ ವೆಂಕಟರಾಮಪ್ಪ ಆ ಸುತ್ತಲಿಗೆಲ್ಲ ದೊಡ್ಡ ಜಮೀನುದಾರ. ಮನೆಯಲ್ಲಾಗಲಿ ಹೊಲದಲ್ಲಾಗಲಿ ‘ಸುಟ್ಟುಬಿಡಿ’ ಎಂದು ಅವರಿಗೆ ಹೇಳಿದವರು ಯಾರೂ ಇರಲಿಲ್ಲ.

“ನಿಮ್ಮಪ್ಪ ನಮ್ಮಪ್ಪನ ಮುಂದೆ ತಲೆ ಎತ್ತಿ ಮಾತಾಡ್ತಿರ್ಲಿಲ್ಲ, ಗೊತ್ತಾ ನಿಂಗೆ?”

“ಗೊತ್ತು ಸಾರ್. ಅದಕ್ಕೇ ನನ್ನ ಓದ್ಸಿದ್ದು.”

ಅವನ ಮುಖ ಕೆಂಪಾಯಿತು. ಕೋಠಿಯ ಲೆಕ್ಕದ ಪುಸ್ತಕ ಬರೆಯುವ ವೆಂಕಟರವಣಪ್ಪನನ್ನು ಕೂಗಿದ. ಅವನು ವಯಸ್ಸಾದ, ಯಾರ ಗೊಡವೆಗೂ ಹೋಗದ ಮನುಷ್ಯ. ಪರೀಕ್ಷೆಯ ಪುಸ್ತಕ ತೆರೆಸಿ, ಹನ್ನೊಂದನೇ ಲಾಟಿನ ಮುಂದೆ ‘ಇಲ್ಲ’ ಎಂದು ಬರೆಸಿದ. ವೆಂಕಟರವಣಪ್ಪನ ಕೈ ಒಂದು ಗಳಿಗೆ ನಿಂತಿತು. ಆಮೇಲೆ ಬರೆಯಿತು. ಅವನು ತನುಜಳ ಕಡೆ ನೋಡಲಿಲ್ಲ.

“ನಾಳೆಯಿಂದ ಬರ್ಬೇಡ” ಎಂದ ರಮೇಶ್‌ಬಾಬು.

ತನುಜ ಗಾಜುಗಳನ್ನು ತೊಳೆದಿಟ್ಟು, ಮೈಕ್ರೋಸ್ಕೋಪಿಗೆ ಬಟ್ಟೆ ಮುಚ್ಚಿ ಹೊರಟಳು. ಗೂಡು ಬಿಡಿಸುತ್ತಿದ್ದ ಹೆಂಗಸರಲ್ಲಿ ಒಬ್ಬಳು, ಚಿಕ್ಕವೆಂಕಟಮ್ಮ, ಅವಳಿಗೆ ಕೇಳುವಂತೆಯೇ “ಪೀಡೆ ತೊಲಗ್ತು” ಎಂದಳು. ಉಳಿದವರು ನಕ್ಕರು.

ಮನೆಯಲ್ಲಿ ಎರಡು ವಾರ ಕೂತಳು. ಬೇರೆ ಎರಡು ಕೋಠಿಗಳಿಗೆ ಹೋಗಿ ಕೇಳಿದಳು. ಎರಡೂ ಕಡೆ ರಮೇಶ್‌ಬಾಬುವಿನ ಫೋನು ಅವಳಿಗಿಂತ ಮೊದಲೇ ಹೋಗಿತ್ತು. ಮೂರನೆಯ ವಾರ ಒಂದು ದಿನ ಚಿಕ್ಕಬಳ್ಳಾಪುರಕ್ಕೆ ಬಸ್ಸು ಹತ್ತಿದಳು, ಅಲ್ಲಿಂದ ಮಂಚೇನಹಳ್ಳಿಗೆ. ಹನ್ನೊಂದನೇ ಲಾಟು ಮಂಚೇನಹಳ್ಳಿಯಿಂದ ಮೂರು ಮೈಲಿ ಆಚೆಯ ಒಂದೇ ಊರಿಗೆ ಹೋಗುವುದೆಂದು ಅವಳಿಗೆ ಗೊತ್ತಿತ್ತು. ಆ ಊರಿನವರ ಮೇಲೆ ಅವಳಿಗೆ ಪ್ರೀತಿ ಇತ್ತೆಂದಲ್ಲ. ಒಬ್ಬರ ಹೆಸರೂ ತಿಳಿಯದು. ಪುಸ್ತಕದಲ್ಲಿ ಬರೆಸಿದ ಆ ‘ಇಲ್ಲ’ ಸುಳ್ಳೆಂದು ಯಾರಾದರೂ ಒಬ್ಬರು ಬಾಯಿಬಿಟ್ಟು ಹೇಳಬೇಕು, ಅದು ತನ್ನ ಕಿವಿಗೆ ಬೀಳಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದುದು.

ಊರಲ್ಲಿ ಅತಿ ಹೆಚ್ಚು ಹುಳು ಸಾಕಿದವನು ಚೆನ್ನರಾಯಪ್ಪ ಎಂದು ಬಸ್‌ಸ್ಟಾಪಿನಲ್ಲಿ ಹೇಳಿದರು. ಅವನು ಮನೆ ಮುಂದೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಇಳಿಸುತ್ತಿದ್ದ. ತನುಜ ಜಗಲಿಯ ಕಡೆ ಒಂದು ಹೆಜ್ಜೆ ಇಟ್ಟಳು.

“ಅಲ್ಲೇ ನಿಂತ್ಕೊ. ಹುಳ ಅವೆ.”

ಹುಳುಮನೆಗೆ ಹೊರಗಿನವರನ್ನು ಬಿಡಬಾರದೆಂಬುದು ಸರಿಯಾದ ಕ್ರಮವೇ. ತನುಜಳೇ ಎಷ್ಟೋ ರೈತರಿಗೆ ಅದನ್ನು ಹೇಳಿದ್ದಳು. ಆದರೆ ಹುಳುಮನೆ ಹಿತ್ತಲಲ್ಲಿತ್ತು. ಅವನು ತಡೆದದ್ದು ಜಗಲಿಯಲ್ಲಿ. ಯಾವ ಊರು, ಯಾರ ಮಗಳು ಎಂದು ಬಸ್‌ಸ್ಟಾಪಿನಲ್ಲೇ ಕೇಳಿ ತಿಳಿದಿದ್ದವರು ಅವಳಿಗಿಂತ ಮುಂಚೆ ಸುದ್ದಿ ಮುಟ್ಟಿಸಿದ್ದರು.

ಅವಳು ಬೀದಿಯಲ್ಲೇ ನಿಂತು ವಿಷಯ ಹೇಳಿದಳು.

“ಕೋಠಿಯಿಂದ ತೆಗ್ದಾಕಿದೋಳು ನೀನೇ ಅಲ್ವಾ?” ಎಂದ ಚೆನ್ನರಾಯಪ್ಪ. “ರಮೇಶ್‌ಬಾಬು ಹೇಳವ್ನೆ. ಕಳ್ತನ ಮಾಡ್ತಿದ್ಳು, ಈಗ ಕೋಠಿ ಹೆಸ್ರು ಕೆಡ್ಸಾಕೆ ಊರೂರು ತಿರುಗ್ತಾಳೆ ಅಂತ. ನಮ್ಮ ಹುಳ ಚೆನ್ನಾಗವೆ. ಎರಡನೇ ಜ್ವರ ಎದ್ದವೆ.”

ಹುಳು ಪೊರೆ ಬಿಡಲು ಮೇವು ಬಿಟ್ಟು ಮಲಗುವುದನ್ನು ಅಲ್ಲಿ ಜ್ವರ ಎನ್ನುತ್ತಾರೆ. ಗೂಡು ಕಟ್ಟುವ ಮೊದಲು ನಾಲ್ಕು ಜ್ವರ.

“ಮೂರನೇ ಜ್ವರಕ್ಕೆ ನೋಡ್ತಿರಿ ಯಜಮಾನ್ರೆ. ಕೆಲವು ದಪ್ಪ ಕೆಲವು ಸಣ್ಣ ಆಗ್ತವೆ. ಸಣ್ಣವು ಜ್ವರ ಏಳಲ್ಲ. ಮೈಮೇಲೆ ಮೆಣಸಿನ ಪುಡಿ ಉದುರಿಸ್ದಂಗೆ ಕಪ್ಪು ಚುಕ್ಕಿ ಬರ್ತದೆ. ಆಗ ಇವೆಲ್ಲ ಸುಡಲೇಬೇಕು.”

“ನಿನ್ನ ಬಾಯಿಗೆ ಮಣ್ಣು ಹಾಕ. ಪೋ ಇಲ್ಲಿಂದ!”

ಬಾಗಿಲ ಹಿಂದೆ ಒಬ್ಬ ಹೆಂಗಸು ನಿಂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಚೆನ್ನರಾಯಪ್ಪನ ಹೆಂಡತಿ ಗಂಗುಲಮ್ಮ. ತನುಜ ಹೋಗುವ ಮುನ್ನ ತನ್ನ ಊರು, ಬೀದಿ ಹೇಳಿ ಹೋದಳು. ಯಾರಿಗೆ ಹೇಳಿದಳೋ ಅವಳಿಗೇ ತಿಳಿಯದು.

ಐದನೆಯ ದಿನ ಗಂಗುಲಮ್ಮ ಶಿಡ್ಲಘಟ್ಟಕ್ಕೆ ಬಂದು ಕಾಲೋನಿಯ ಮೊದಲ ಮನೆಯ ಮುಂದೆ ನಿಂತು ತನುಜಳನ್ನು ಕೂಗಿಸಿದಳು. ಗಂಡನಿಗೆ ಹೇಳಿದ್ದು ಆಸ್ಪತ್ರೆ ಎಂದು. ಸೆರಗಿನಡಿ ಊಟದ ಡಬ್ಬಿ, ಅದರಲ್ಲಿ ಸೊಪ್ಪು, ಸೊಪ್ಪಿನ ಮೇಲೆ ಹನ್ನೆರಡು ಹುಳು.

“ನೀನು ಹೇಳ್ದಂಗೇ ಆಗದೆ. ನಿನ್ನ ಬಾಯಿಂದಾನೆ ಬಂದಿದ್ದು ಇದು” ಎಂದಳು. ಅದೇ ಅವಳ ಮೊದಲ ಮಾತು.

ತನುಜ ಹುಳುಗಳನ್ನು ಅಂಗೈಗೆ ಹಾಕಿಕೊಂಡಳು. ಅಕ್ಕಿಕಾಳಿನಷ್ಟು ಸಣ್ಣವು, ಬೆರಳ ಗೆಣ್ಣಿನಷ್ಟಾಗಬೇಕಾದವು. ಕಪ್ಪು ಚುಕ್ಕಿ ಇತ್ತು. ಕಣ್ಣಳತೆಗೆ ಸಾಕಿತ್ತು. ಆದರೆ ಅವಳಿಗೆ ಕಣ್ಣಳತೆ ಸಾಲದು. ಅವಳ ಹತ್ತಿರ ಮೈಕ್ರೋಸ್ಕೋಪ್ ಇರಲಿಲ್ಲ. ಅವಳಿಗೆ ಪಾಠ ಹೇಳಿದ್ದ ನರಸಿಂಹಮೂರ್ತಿ ಮೇಷ್ಟ್ರು ಆಗ ಚಿಕ್ಕಬಳ್ಳಾಪುರದ ಒಂದು ಕಾಲೇಜಿನಲ್ಲಿದ್ದರು. ಇಬ್ಬರೂ ಬಸ್ಸು ಹತ್ತಿದರು. ಪಕ್ಕದ ಸೀಟು ಖಾಲಿ ಇದ್ದರೂ ಗಂಗುಲಮ್ಮ ಮೂರು ಸೀಟು ಹಿಂದೆ ಹೋಗಿ ಕೂತಳು.

ಮೇಷ್ಟ್ರು ಕಸಿವಿಸಿಪಟ್ಟರು. “ಹೊರಗಿನೋರಿಗೆ ಲ್ಯಾಬು ಕೊಡೋಹಂಗಿಲ್ಲಮ್ಮ. ಲೆನ್ಸಿಗೇನಾದ್ರೂ ಆದ್ರೆ ನನ್ನ ತಲೆಗೆ ಬರ್ತದೆ.”

“ಹತ್ತು ನಿಮಿಷ ಸಾರ್. ನೀವೇ ಪಕ್ಕದಲ್ಲಿ ನಿಂತಿರಿ.”

ಅವರು ಗಡಿಯಾರ ನೋಡುತ್ತಾ ಪಕ್ಕದಲ್ಲೇ ನಿಂತರು. ತನುಜ ಒಂದು ಹುಳುವನ್ನು ಅರೆದಳು, ಒಂದು ತೊಟ್ಟು ಗಾಜಿಗೆ ಹಾಕಿದಳು, ಬೆಳಕು ಸರಿಮಾಡಿದಳು. ನೋಡಿದ ಮೇಲೆ ಪಕ್ಕಕ್ಕೆ ಸರಿದು, “ನೀವೇ ನೋಡಿ” ಎಂದಳು.

ಗಂಗುಲಮ್ಮ ಮೊದಲು ತನ್ನ ರೆಪ್ಪೆಯನ್ನೇ ಕಂಡಳು. ಆಮೇಲೆ ಬರೀ ಬೆಳಕು. ತನುಜ ತಿರುಪು ಒಂದಿಷ್ಟು ತಿರುಗಿಸಿದಳು. ಆಗ ಕಂಡವು. ನೂರಾರು, ಸಾವಿರಾರು, ಒಂದರ ಪಕ್ಕ ಒಂದು, ಹೊಳೆಯುವ ಬಿಳಿ ಎಳ್ಳಿನಂತೆ, ಸಣ್ಣಗೆ ನಡುಗುತ್ತಾ.

“ದೇವುಡಾ” ಎಂದಳು ಗಂಗುಲಮ್ಮ. ಬಹಳ ಹೊತ್ತು ಕಣ್ಣು ತೆಗೆಯಲಿಲ್ಲ. “ಇದೆಲ್ಲ ಒಂದು ಹುಳದಲ್ಲಾ?”

“ಒಂದು ಹುಳದ ಒಂದು ತೊಟ್ಟಲ್ಲಿ.”

“ಏನು ಹೊಡೀಬೇಕು ಇದಕ್ಕೆ?”

“ಏನೂ ಇಲ್ಲ. ಹುಳ, ಸೊಪ್ಪು, ಹಿಕ್ಕೆ ಎಲ್ಲ ಸುಡ್ಬೇಕು. ಮನೆ, ತಟ್ಟೆ ಎಲ್ಲ ಬ್ಲೀಚಿಂಗಲ್ಲಿ ತೊಳೀಬೇಕು. ಇವತ್ತೇ. ತಡ ಮಾಡಿದ್ರೆ ಹಿಕ್ಕೆ ಜೊತೆ ತೋಟಕ್ಕೆ ಹೋಗ್ತದೆ, ಮುಂದಿನ ಬೆಳೆಗೂ ಬರ್ತದೆ.”

ಮೇಷ್ಟ್ರೂ ಬಗ್ಗಿ ನೋಡಿದರು. ನೋಡಿ, “ನಾನು ಪುಸ್ತಕದಲ್ಲಿ ಮಾತ್ರ ಕಂಡಿದ್ದೆ” ಎಂದರು. ಗಡಿಯಾರ ನೋಡುವುದನ್ನು ಬಿಟ್ಟರು.

ಗಂಗುಲಮ್ಮ ಊರಿಗೆ ಬರುವಂತೆ ಕರೆಯಲಿಲ್ಲ. ತನುಜ ತಾನಾಗಿಯೇ ಹೋದಳು. ಮಧ್ಯಾಹ್ನ ಎರಡಕ್ಕೆ ಮನೆ ತಲುಪಿದ್ದೇ ಗಂಗುಲಮ್ಮ ಹುಳುಮನೆಗೆ ನುಗ್ಗಿ ತಟ್ಟೆಗಳನ್ನು ಒಂದೊಂದಾಗಿ ಹೊತ್ತು ಹಿತ್ತಲಿಗೆ ಸುರಿಯತೊಡಗಿದಳು. ಚೆನ್ನರಾಯಪ್ಪ ತೋಟದಿಂದ ಓಡಿ ಬಂದ.

“ಹುಚ್ಚು ಹಿಡೀತೇನೇ ನಿಂಗೆ? ಇನ್ನು ಹನ್ನೆರಡು ದಿನಕ್ಕೆ ಗೂಡು ಕಣೇ!”

“ಗೂಡು ಕಟ್ಟಲ್ಲ ಇವು. ನಾನು ಕಣ್ಣಾರೆ ಕಂಡಿದೀನಿ.”

“ಏನು ಕಂಡೆ? ಆ ಕಾಲೋನಿಯೋಳು ತೋರ್ಸಿದ್ದು ಕಂಡೆ!”

ಅವನು ತಟ್ಟೆ ಹಿಡಿದು ಎಳೆದ. ಅವಳು ಬಿಡಲಿಲ್ಲ. ತಟ್ಟೆ ಮುರಿದು ಹುಳು ನೆಲದ ಮೇಲೆಲ್ಲ ಚೆಲ್ಲಿದವು. ಚೆಲ್ಲಿದ ಹುಳುವನ್ನು ಅಷ್ಟು ಹತ್ತಿರದಿಂದ ನೋಡಿದಾಗ ಚೆನ್ನರಾಯಪ್ಪನಿಗೂ ಕಂಡಿತು: ಕೆಲವು ಬೆರಳ ಗೆಣ್ಣಿನಷ್ಟು, ಕೆಲವು ನೂಲಿನಷ್ಟು. ಅವನು ತಟ್ಟೆ ಬಿಟ್ಟು ಬಾವಿಯ ಕಡೆ ಹೋಗಿ ಬೆನ್ನು ತಿರುಗಿಸಿ ಕೂತ. ಗಂಗುಲಮ್ಮ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದಳು.

ಹೊಗೆ ಕಂಡು ಊರು ಸೇರಿತು. ಅವರಲ್ಲಿ ಪಕ್ಕದ ಮನೆಯ ಮುನಿಗಂಗಪ್ಪನೂ ಇದ್ದ. ಅವನೂ ಅದೇ ಕೋಠಿಯ ಮೊಟ್ಟೆ ತಂದಿದ್ದ. ಬೇಲಿಯಾಚೆ ನಿಂತ ತನುಜಳನ್ನು ತೋರಿಸಿ ಕೂಗಿದ: “ಇವಳೇ ಡಬ್ಬೀಲಿ ರೋಗ ತಂದು ಸುರ್ದವ್ಳೆ! ಹೋದ ವಾರ ಬಂದು ಕಾಲಿಟ್ಟೋದ್ಳು, ಈ ವಾರ ಹಿಂಗಾಯ್ತು!”

“ನಿಮ್ಮ ಹುಳಾನೂ ತನ್ನಿ. ನೋಡಿ ಹೇಳ್ತೀನಿ” ಎಂದಳು ತನುಜ.

ಅವನು ಬಗ್ಗಿ ಒಂದು ಹೆಂಟೆ ತೆಗೆದು ಬೀಸಿದ. ಅದು ಅವಳ ಭುಜಕ್ಕೆ ಬಡಿದು ಪುಡಿಯಾಯಿತು. ಇನ್ನೊಂದು ಬೆನ್ನಿಗೆ ಬಿತ್ತು, ಅದು ಯಾರೆಸೆದದ್ದೋ. ಯಾರೂ ತಡೆಯಲಿಲ್ಲ. ಬೆಂಕಿಯ ಪಕ್ಕದಲ್ಲಿದ್ದ ಗಂಗುಲಮ್ಮ ತಲೆಯೆತ್ತಿ ನೋಡಿ ಮತ್ತೆ ಕೋಲಿನಿಂದ ಹುಳು ಕೆದಕತೊಡಗಿದಳು. ತನುಜ ಓಡಲಿಲ್ಲ. ಓಡಬಾರದೆಂದು ಹಲ್ಲು ಕಚ್ಚಿ ನಡೆದಳು. ಬಸ್‌ಸ್ಟಾಪಿನಲ್ಲಿ ಕೂತು, ಬಂದ ಮೊದಲ ಬಸ್ಸನ್ನು ಬಿಟ್ಟು ಮುಂದಿನ ಬಸ್ಸಿಗೆ ಹೋದಳು.

ಆ ಊರಲ್ಲಿ ಬೇರೆ ಯಾರೂ ಸುಡಲಿಲ್ಲ. ನಾಲ್ಕನೇ ಜ್ವರಕ್ಕೆ ಕೂತ ಹುಳು ಏಳಲೇ ಇಲ್ಲ. ಮುನಿಗಂಗಪ್ಪನ ಮನೆಯಲ್ಲಿ ಒಂದು ತಟ್ಟೆಯೂ ಗೂಡಿಗೆ ಬರಲಿಲ್ಲ. ಅವನು ಸತ್ತ ಹುಳುವನ್ನು ತಿಪ್ಪೆಗೆ ಹಾಕಿದ, ತಿಪ್ಪೆಯನ್ನು ತೋಟಕ್ಕೆ ಹಾಕಿದ, ಮುಂದಿನ ಬೆಳೆಯೂ ಹೋಯಿತು. ಗಂಗುಲಮ್ಮ ಮನೆಯನ್ನು ಮೂರು ಸಲ ತೊಳೆದು, ಸುಣ್ಣ ಹೊಡೆದು, ಬೇರೆ ಕಡೆಯಿಂದ ಮೊಟ್ಟೆ ತಂದಳು. ಅವಳ ಬೆಳೆ ನಿಂತಿತು. ಮೊದಲ ಬೆಳೆ ಹೋದ ಸುದ್ದಿ ಕೇಳಿದಾಗಲೇ ಮುನಿಗಂಗಪ್ಪನ ಬಗ್ಗೆ ತನುಜಳಿಗೆ ಅಯ್ಯೋ ಅನಿಸಲಿಲ್ಲ. ಒಳಗೊಳಗೇ ಖುಷಿಯಾಯಿತು. ಅದನ್ನು ಅಮ್ಮನಿಗೆ ಹೇಳಿದಾಗ ಮುನಿಶಾಮಮ್ಮ, “ಹಂಗನ್ನಬಾರ್ದು ಕಣೇ, ಅವ್ರ ಮನೇಲೂ ಉಣ್ಣೋರವ್ರೆ” ಎಂದು ಬೈದಳು. ತನುಜ ಭುಜದ ಮೇಲಿನ ಕಪ್ಪು ಕಲೆ ತೋರಿಸಿದಳು.

ಅವಳು ಇಲಾಖೆಗೆ ದೂರು ಬರೆದಳು. ಎರಡು ತಿಂಗಳ ಮೇಲೆ ವಿಚಾರಣೆಗೆ ಕರೆ ಬಂತು. ಪರೀಕ್ಷೆಯ ಪುಸ್ತಕ ತಂದರು. ವೆಂಕಟರವಣಪ್ಪನ ಮುತ್ತಿನಂಥ ಅಕ್ಷರದಲ್ಲಿ ‘ಇಲ್ಲ’ ಎಂದಿತ್ತು. ಗಂಗುಲಮ್ಮನನ್ನೂ ಕರೆಸಿದ್ದರು.

“ಮೊಟ್ಟೆ ಯಾವ ಕೋಠಿಯಿಂದ ತಂದ್ರಿ?” ಎಂದು ಅಧಿಕಾರಿ ಕೇಳಿದರು.

“ನಮ್ಮೆಜಮಾನ್ರು ತಂದಿದ್ದು. ನಂಗೊತ್ತಿಲ್ಲ.”

“ಈಕೆ ಮೈಕ್ರೋಸ್ಕೋಪಲ್ಲಿ ರೋಗ ತೋರಿಸಿದ್ದು ಹೌದಾ?”

“ಏನೋ ತೋರ್ಸಿದ್ರು. ನಂಗೇನು ತಿಳೀತದೆ ಸಾಮಿ.”

ಹೊರಗೆ ಮೆಟ್ಟಿಲ ಹತ್ತಿರ ತನುಜ ಅವಳನ್ನು ಅಡ್ಡಗಟ್ಟಿದಳು. “ಕಣ್ಣಾರೆ ಕಂಡಿದೀನಿ ಅಂತ ಗಂಡನ ಮುಂದೆ ಕೂಗಿದ್ರಲ್ಲ. ಇಲ್ಲಿ ಏನಾಯ್ತು ಬಾಯಿಗೆ?”

“ವೆಂಕಟರಾಮಪ್ಪನೋರು ನಮಗೆ ಬೀಗರಾಗಬೇಕು. ನಾನು ಆ ಊರಲ್ಲೇ ಬಾಳ್ಬೇಕು ಕಣಮ್ಮ. ನೀನು ಬಸ್ಸು ಹತ್ತಿ ಹೋಗ್ತೀಯ.” ಗಂಗುಲಮ್ಮ ಸೆರಗು ಎಳೆದುಕೊಂಡು ಹೊರಟಳು. ಇಬ್ಬರೂ ಮತ್ತೆ ಭೇಟಿಯಾಗಲಿಲ್ಲ.

ಕೋಠಿಗೆ ಒಂದು ತಿಂಗಳು ಬೀಗ ಬಿತ್ತು, ಸ್ವಚ್ಛತೆ ಸಾಲದು ಎಂಬ ಕಾರಣಕ್ಕೆ. ಆಮೇಲೆ ವೆಂಕಟರಾಮಪ್ಪನ ಹೆಸರಿನ ಲೈಸೆನ್ಸಿನಲ್ಲಿ ತೆರೆಯಿತು. ರಮೇಶ್‌ಬಾಬು ಪಟಾಕಿ ಹೊಡೆಸಿದ.

ತನುಜ ಆ ಮೇಲೆ ಯಾವ ಕೋಠಿಯ ಕೆಲಸಕ್ಕೂ ಹೋಗಲಿಲ್ಲ. ಒಂದು ವರ್ಷ ಚಿಂತಾಮಣಿಯ ಖಾಸಗಿ ಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದಳು. ನರಸಿಂಹಮೂರ್ತಿ ಮೇಷ್ಟ್ರು ಬೆಂಗಳೂರಿನ ಒಂದು ಹಳೇ ಸಾಮಾನಿನ ಅಂಗಡಿಯ ವಿಳಾಸ ಕೊಟ್ಟರು, ಅಲ್ಲಿಂದ ಒಂದು ಮೈಕ್ರೋಸ್ಕೋಪ್ ತಂದಳು. ಎರಡು ಸಾವಿರದ ಆರರಲ್ಲಿ ಚಿಂತಾಮಣಿಯಿಂದ ಮುರುಗಮಲ್ಲಕ್ಕೆ ಹೋಗುವ ರಸ್ತೆಯಲ್ಲಿ ಒಂದು ಕೋಣೆ ಹಿಡಿದು ಬೋರ್ಡು ಹಾಕಿದಳು: ‘ಗಂಟುರೋಗ ಪರೀಕ್ಷೆ ಮಾಡಲಾಗುವುದು. ನೀವೇ ನೋಡತಕ್ಕದ್ದು.’

ಮೊದಲ ಆರು ತಿಂಗಳು ಬಂದವರನ್ನು ಬೆರಳಲ್ಲಿ ಎಣಿಸಬಹುದು. ಒಂದು ಬೆಳಿಗ್ಗೆ ಬೋರ್ಡಿಗೆ ಸಗಣಿ ಬಳಿದಿತ್ತು. ತೊಳೆದಳು. ಆಮೇಲೆ ಬೆಂಕಿಪೊಟ್ಟಣದಲ್ಲಿ ಹುಳು, ಕಾಗದದಲ್ಲಿ ಚಿಟ್ಟೆ, ಒಡೆದ ಮೊಟ್ಟೆಯ ಸಿಪ್ಪೆ ಹಿಡಿದು ಜನ ಬರತೊಡಗಿದರು. ಹೆಸರು ಹೇಳುತ್ತಿರಲಿಲ್ಲ. ಊರು ಕೇಳಿದರೆ ಸುಳ್ಳು ಹೇಳುತ್ತಿದ್ದರು. ‘ಇದೆ’ ಎಂದರೆ ಬೈದು ಹೋಗುತ್ತಿದ್ದರು, ‘ಇಲ್ಲ’ ಎಂದರೆ ಥ್ಯಾಂಕ್ಸ್ ಕೂಡ ಹೇಳದೆ ಹೋಗುತ್ತಿದ್ದರು. ಆದರೆ ಮುಂದಿನ ಬೆಳೆಗೆ ಮತ್ತೆ ಬರುತ್ತಿದ್ದರು. ಬಂದವರೆಲ್ಲ ಕಣ್ಣು ಹಚ್ಚಿ ನೋಡಲೇಬೇಕೆಂಬುದು ಅವಳ ಹಟ. “ನಂಗೆ ತಿಳಿಯಲ್ಲ, ನೀನೇ ಹೇಳು” ಎಂದರೆ, “ತಿಳಿಯೋವರ್ಗೂ ನೋಡಿ” ಎನ್ನುವಳು. ಮೂರು ವರ್ಷದಲ್ಲಿ ಆ ಸುತ್ತಿನ ನೂರಾರು ಜನ, ಹೆಚ್ಚಾಗಿ ಹೆಂಗಸರು, ಧೂಳು ಯಾವುದು ಗಂಟು ಯಾವುದು ಎಂದು ಹೇಳಬಲ್ಲವರಾದರು. ಅವರಲ್ಲಿ ಕೆಲವರು ಕೋಠಿಗಳಿಗೆ ಹೋಗಿ, “ನಿಮ್ಮ ಗಾಜು ತೋರ್ಸಿ, ನಾವೇ ನೋಡ್ತೀವಿ” ಎಂದು ಕೂರತೊಡಗಿದರು. ಕೋಠಿಯವರಿಗೆ ಇದು ದೊಡ್ಡ ತಲೆನೋವಾಯಿತು.

ಎರಡು ಸಾವಿರದ ಒಂಬತ್ತರ ಬೇಸಗೆಯಲ್ಲಿ ರಮೇಶ್‌ಬಾಬು ಬಂದ. ಕಾರು ರಸ್ತೆಯಲ್ಲೇ ನಿಲ್ಲಿಸಿ ಕೋಣೆಯ ಬಾಗಿಲಿಗೆ ಬಂದ. ಬೆಂಚಿನ ಮೇಲೆ ಮುರುಗಮಲ್ಲದ ಮೂವರು ಹೆಂಗಸರು ಸರದಿ ಕಾಯುತ್ತಿದ್ದರು.

“ವಾಪಸ್ ಬಂದ್ಬಿಡು ತನುಜಮ್ಮ. ಪರೀಕ್ಷೆ ಎಲ್ಲ ನಿಂದೇ. ನೀನು ಬರ್ದಿದ್ದೇ ಕೊನೆ.”

“ಹನ್ನೊಂದನೇ ಲಾಟಲ್ಲಿ ಗಂಟಿತ್ತು ಅಂತ ಇಲ್ಲಿ ಕೂತಿರೋರ ಮುಂದೆ ಹೇಳಿ. ಆಮೇಲೆ ಮಾತಾಡಣ.”

ಅವನು ಹೆಂಗಸರ ಕಡೆ ನೋಡಿದ. ಹೆಂಗಸರು ಅವನ ಕಡೆ ನೋಡಿದರು.

“ಐದು ವರ್ಷದ ಹಳೇ ಮಾತು. ಇನ್ನೂ ಅದನ್ನೇ ಕಟ್ಕೊಂಡಿದೀಯ.”

“ಹೂಂ.”

“ಈ ಕೋಣೆ ಯಾರದು ಅಂತ ನಂಗೊತ್ತು. ಒಂದು ಮಾತು ಹೇಳಿದ್ರೆ ನಾಳೆ ಖಾಲಿ ಮಾಡಿಸ್ತಾನೆ.”

“ಹೇಳಿ. ಮೈಕ್ರೋಸ್ಕೋಪ್ ಐದು ಕೆಜಿ. ಎಲ್ಲಿಗೆ ಬೇಕಾದ್ರೂ ಹೊತ್ಕೊಂಡು ಹೋಗ್ತೀನಿ.”

ರಮೇಶ್‌ಬಾಬು ಹೋದ. ಮುಂದಿನ ತಿಂಗಳು ಆ ಕೋಣೆ ನಿಜವಾಗಿಯೂ ಖಾಲಿಯಾಯಿತು. ತನುಜ ಅದೇ ರಸ್ತೆಯಲ್ಲಿ ನಾಲ್ಕು ಅಂಗಡಿ ಮುಂದೆ, ಒಬ್ಬ ಸಾಬರ ಸೈಕಲ್ ಶಾಪಿನ ಹಿಂದಿನ ಭಾಗಕ್ಕೆ ಹೋದಳು. ಜಾಗ ಚಿಕ್ಕದು, ಬೆಳಕು ಮಾತ್ರ ಚೆನ್ನಾಗಿತ್ತು.

ಅವತ್ತು ಕಾರು ಹೋದ ಮೇಲೆ ಬೆಂಚಿನ ಮೇಲಿದ್ದವರಲ್ಲಿ ಹಿರಿಯಳು, ರಾಮಲಕ್ಷ್ಮಮ್ಮ, ಮುಂದೆ ಬಂದು ಬೆಂಕಿಪೊಟ್ಟಣ ಇಟ್ಟಳು. ತನುಜ ಅರೆದು ಗಾಜಿಗೆ ಹಾಕಿ ಪಕ್ಕಕ್ಕೆ ಸರಿದಳು. ರಾಮಲಕ್ಷ್ಮಮ್ಮ ಬಹಳ ಹೊತ್ತು ನೋಡಿದಳು.

“ಇಲ್ಲ ಅನ್ನಿಸ್ತದೆ” ಎಂದಳು.

“ಮೂಲೇಲಿ ನೋಡಿ.”

ಮತ್ತೆ ನೋಡಿದಳು. ಆಮೇಲೆ ತಲೆಯೆತ್ತಿ, “ಹಾಳಾದೋಳೆ, ಮೂಲೇಲಿ ಯಾಕೆ ತೋರ್ಸ್ದೆ ನಂಗೆ” ಎಂದು ಬೈಯುತ್ತಾ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹುಳು ಸುಡಲು ಮನೆಗೆ ಹೊರಟಳು.